ಎರಡು ನೀಲಿ

ಇವತ್ತು ರೇಡಿಯೋ ಸೆಟ್ಟು ಹಚ್ಚುವುದಿಲ್ಲವೆಂದು ಹಾಸಿಗೆಯಲ್ಲೇ ಗಟ್ಟಿ ಮಾಡಿಕೊಂಡು ಎದ್ದಿದ್ದರೂ, ಏಳು ಗಂಟೆಯಾದದ್ದೇ ತಡ, ಮೌಲಾಸಾಬ ಮೂಲೆಯ ಮೇಜಿನ ಮುಂದೆ ಬಂದು ಕುಳಿತಿದ್ದ. ಕೈ ಬಟನ್ನಿನವರೆಗೆ ಹೋಗಿ, ಯಾರೋ ನೋಡಿಬಿಟ್ಟರೆಂಬಂತೆ ಹಿಂದಕ್ಕೆ ಬಂದು ತೊಡೆಯ ಮೇಲೆ ಬಿತ್ತು. ಕಾಲೇಜಿನಲ್ಲಿ ಹುಡುಗರಿಗೆ ಭೌತಶಾಸ್ತ್ರದ ಪ್ರಯೋಗ ಮಾಡಿಸುವುದು ಅವನ ನೌಕರಿ. ಆದರೆ ಅಥಣಿ ರಸ್ತೆಯ ಈ ಕಡೆಗೆ ಯಾರೂ ಅವನನ್ನು ಅದರಿಂದ ಗುರುತಿಸುತ್ತಿರಲಿಲ್ಲ. ಮಾಳಿಗೆಯ ಮೇಲೆ ಎರಡು ಬಿದಿರು ನೆಟ್ಟು, ನಡುವೆ ತಂತಿ ಎಳೆದು, ದಿಲ್ಲಿಯಿಂದ ಲೈಸೆನ್ಸು ತರಿಸಿಕೊಂಡು, ಮನೆಯಲ್ಲೇ ಕೂತು ಸೋಲಾಪುರ ಕೊಲ್ಹಾಪುರದವರ ಕೂಡ ಗಾಳಿಯ ಮೇಲೆ ಮಾತಾಡುವ ರೇಡಿಯೋ ಮಾಸ್ತರ ಎಂದೇ ಅವನ ಹೆಸರು. ಆ ಹೆಸರು ಅವನಿಗೆ ಬೇಕಾಗಿತ್ತು, ಸುಳ್ಳೇಕೆ ಹೇಳಬೇಕು. ದಿನಾ ಏಳಕ್ಕೆ ತಿಕೋಟಾದಿಂದ ಯಲಗೂರಪ್ಪ ಅವನನ್ನು ಕರೆಯುತ್ತಿದ್ದ. ಅಲ್ಲಿಯ ಪೋಸ್ಟಿನಲ್ಲಿ ತಾರು ಕಳಿಸುವ ಗುಮಾಸ್ತ, ಸಣ್ಣ ದನಿಯ ಮನುಷ್ಯ. ಮೌಲಾಸಾಬನೇ ಅವನಿಗೆ ಪಾಠ ಹೇಳಿ, ಪರೀಕ್ಷೆಗೆ ಕೂರಿಸಿ, ಸೆಟ್ಟು ಕಟ್ಟಿಸಿಕೊಟ್ಟಿದ್ದ. "ಸರ, ಕೇಳಾಕತ್ತೈತೇನ್ರಿ?" ಎಂದು ಯಲಗೂರಪ್ಪ ಶುರು ಮಾಡುತ್ತಿದ್ದ. ಈಗ ಬಟನ್ನು ಒತ್ತಿದರೆ ಆ ಜಾಗದಲ್ಲಿ ಬರೀ ಗೊರಗೊರ ಸದ್ದು ಕೇಳಿಸುತ್ತದೆ. ಆ ಸದ್ದಿಗೇ ಅವನು ಹೆದರಿದ್ದ. ಹೆಂಡತಿ ಶಹಜಾದಿ ಚಹಾದ ಕಪ್ಪು ಬಸಿ ತಂದಿಟ್ಟು, "ಚಾಯ್ ಠಂಡಿ ಹೋರೀ" ಅಂದಳು. ಅವನು ಕುಡಿಯಲಿಲ್ಲ. ಅವಳೂ ಒತ್ತಾಯ ಮಾಡಲಿಲ್ಲ, ಇತ್ತೀಚೆಗೆ ಯಾವುದಕ್ಕೂ ಮಾಡುತ್ತಿರಲಿಲ್ಲ.

ನಿನ್ನೆ ಮಧ್ಯಾಹ್ನ ತಿಕೋಟಾ ಪೋಸ್ಟಿನ ಜವಾನ ಭಾಗಪ್ಪ ಕಾಲೇಜಿಗೇ ಬಂದಿದ್ದ. ಪ್ರಯೋಗಶಾಲೆಯ ಹೊರಗೆ ಚಪ್ಪಲಿ ಬಿಟ್ಟು ಹೊಸ್ತಿಲ ಮೇಲೆ ನಿಂತ. ಒಳಗೆ ಬಾ ಅಂದರೂ ಬರಲಿಲ್ಲ.

"ನಾಳಿಗೆ ಯಲಗೂರಪ್ಪಣ್ಣನ ಹೇಣ್ತಿನ್ನ ಹೊನವಾಡಕ್ಕ ಕಳಸಾಕತ್ತಾರ್ರಿ ಸರ. ಸಾವಂತ್ರವ್ವನ್ನ."

"ತವರಮನಿಗೇನು? ಹೋಗಿ ನಾಕ ದಿನಾ ಇದ್ದು ಬರ್ಲಿ ಬಿಡು. ಮನಸ್ಸು ಹಗರ ಆಗತೈತಿ."

"ಇದ್ದು ಬರಾಕ ಅಲ್ರಿ. ತಿರಗಿ ಕರಕೊಳ್ಳಂಗಿಲ್ಲಂತ. ಗಂಡ ಎದರಿಗೆ ಕುಂತಾಗ, ದೀಪಾ ಹಚ್ಚೂ ಹೊತ್ತಿನಾಗ, ದ್ಯಾವರ ಮುಂದಿನ ದೀಪಾ ತನ್ನ ಕೈಯಾರೆ ಆರಸಿದಾಕಿ ಅಂತ ಅತ್ತಿ ಬೋರವ್ವ ಊರಿಗೆಲ್ಲಾ ಹೇಳ್ಯಾಳ. ಆಕಿ ಕೈಯಾಗಿನ ನೀರು ಯಾರೂ ಮುಟ್ಟಾಕತ್ತಿಲ್ರಿ. ಹೊನವಾಡಕ್ಕೂ ಈ ಮಾತು ಆಕಿಕಿಂತ ಮೊದಲ ಹೋಗಿ ಮುಟ್ಟೇತಿ."

ಮೌಲಾಸಾಬನ ಕೈಯಲ್ಲಿ ಲೆನ್ಸೊಂದಿತ್ತು. ಅದನ್ನು ಒರೆಸುತ್ತ, ಅದೇ ದೊಡ್ಡ ಕೆಲಸವೆಂಬಂತೆ ಒರೆಸುತ್ತ, "ದೀಪಾ ಆರಸಂತ ಆಕಿಗೆ ಯಾರ ಹೇಳಿದ್ರಂತ?" ಎಂದು ಕೇಳಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಈ ಮನುಷ್ಯ ಯಾರೂ ಕಳ್ಳ ಅನ್ನುವ ಮೊದಲೇ ಹೆಗಲು ಮುಟ್ಟಿಕೊಂಡಿದ್ದ.

"ಯಲಗೂರಪ್ಪಣ್ಣನ ಹೇಳಿದ್ನಂತ್ರಿ. ಆದ್ರ ಹೇಳಿದಾಂವ ಹೋದ, ಆರಸಿದಾಕಿ ಉಳದಾಳ. ನೀವು ಕಲತವರು, ಬಂದು ನಾಕ ಮಾತ ಹೇಳ್ರಿ. ನಿಮ್ಮ ಮಾತಂದ್ರ ಆ ಮನ್ಯಾಗ ಕಿಮ್ಮತ್ತೈತಿ."

ಹೇಳಿದವನು ಹೋಗಿರಲಿಲ್ಲ. ಹೇಳಿದವನು ಅಲ್ಲಿಯೇ ಲೆನ್ಸು ಒರೆಸುತ್ತ ನಿಂತಿದ್ದ. ಭಾಗಪ್ಪ ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದು ಹೋದ ಮೇಲೂ ಮೌಲಾಸಾಬ ಆ ಗಾಜನ್ನು ಕೆಳಗಿಡಲಿಲ್ಲ, ಹುಡುಗರು ಬಂದು ಕೇಳಿದಾಗಲೇ ಕೊಟ್ಟದ್ದು.

ಯಲಗೂರಪ್ಪ ಸತ್ತ ಆ ಶುಕ್ರವಾರದ ಬೆಳಿಗ್ಗೆ ಎಷ್ಟು ಸಲ ನೆನೆದರೂ ಅಷ್ಟೇ ನಿಚ್ಚಳವಾಗಿ ಬಂದು ಎದುರಿಗೆ ನಿಲ್ಲುತ್ತಿತ್ತು. ಮಾತಿಗೆ ಕಸುವು ತುಂಬಿ ತಂತಿಗೇರಿಸುವ ದೊಡ್ಡ ಗಾಜಿನ ಬುರುಡೆ, ವಾಲ್ವು, ಸೆಟ್ಟಿನ ಜೀವ, ಅದೇ ಅದರ ಜ್ವರವೂ ಹೌದು. ಈಗ ಎಲ್ಲಿ ನೋಡಿದರೂ ಟ್ರಾನ್ಸಿಸ್ಟರು. ದನ ಕಾಯುವವರೂ ಹೆಗಲಿಗೆ ಹಾಕಿಕೊಂಡು ತಿರುಗುತ್ತಾರೆ. ಆದರೆ ಆ ಕಸುವಿಗೆ ಇನ್ನೂ ವಾಲ್ವೇ ಬೇಕು, ವಾಲ್ವು ಬೇಕೆಂದರೆ ಮುಂಬಯಿಯ ಹಳೇ ಬಜಾರಿಗೆ ಹೋಗಿ ಮಿಲಿಟರಿಯವರು ಒಗೆದ ಮಾಲಿನಲ್ಲಿ ಕೈಯಾಡಿಸಬೇಕು. ಒಂದೇ ಪೆಟ್ಟಿಗೆ, ಒಂದೇ ಮುದ್ರೆ. ಒಂದು ಹತ್ತು ವರ್ಷ ದುಡಿಯುತ್ತದೆ, ಅದರ ಮಗ್ಗುಲಿನದು ಹಚ್ಚಿದ ದಿನವೇ ಕಣ್ಣು ಮುಚ್ಚುತ್ತದೆ. ಯಾವುದು ಯಾವ ಜಾತಿಯದೆಂದು ಹಚ್ಚಿ ಕಾಯಿಸಿ ನೋಡುವತನಕ ದೇವರಿಗೂ ತಿಳಿಯದು. ಮೌಲಾಸಾಬ ಎರಡು ತಂದಿದ್ದ. ಎರಡನ್ನೂ ತನ್ನ ಸೆಟ್ಟಿಗೆ ಸಿಕ್ಕಿಸಿ ನೋಡಿ, ಕಸುವು ಒಂದು ಕೂದಲು ಹೆಚ್ಚಿದ್ದುದನ್ನು ತಾನಿಟ್ಟುಕೊಂಡು, "ಎರಡೂ ಅವಳಿ ಜವಳಿ ಇದ್ದಂಗಪಾ" ಎಂದು ಇನ್ನೊಂದನ್ನು ಯಲಗೂರಪ್ಪನ ಕೈಗೆ ಹಾಕಿದ್ದ. ಯಲಗೂರಪ್ಪ ಅದನ್ನು ಅರಿವೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತಿಕೋಟಾದವರೆಗೂ ಎರಡು ಕೈಯಲ್ಲಿ ಹಿಡಿದುಕೊಂಡೇ ಹೋಗಿದ್ದ.

ಆ ಶುಕ್ರವಾರ ಅವನೇ ಗಾಳಿಯ ಮೇಲೆ ಕೇಳಿದ್ದ: "ಸರ, ವಾಲ್ವಿನಾಗ ನೀಲಿ ಬೆಳಕ ಕಾಣಾಕತ್ತೈತ್ರಿ. ಕೆಟ್ಟೈತೇನ್ರಿ?" ನೀಲಿಯಲ್ಲಿ ಎರಡು ನೀಲಿ. ಗಾಜಿನ ಒಳಮೈಗೆ ತೆಳ್ಳಗೆ ಹತ್ತಿಕೊಂಡು ಮಿನುಗುವುದೊಂದು. ಅದರಿಂದ ಏನೂ ಕೇಡಿಲ್ಲ, ಆರೋಗ್ಯದ ಲಕ್ಷಣವೆಂದೇ ಹೇಳಬೇಕು. ನಡುವಿನ ತಗಡುಗಳ ಸಂದಿಯಲ್ಲಿ ಹೊಗೆ ಕಟ್ಟಿದಂತೆ ನಿಲ್ಲುವುದು ಇನ್ನೊಂದು. ಅದು ಕಂಡಿತೆಂದರೆ ಒಳಗೆ ಗಾಳಿ ಹೊಕ್ಕಿದೆ, ವಾಲ್ವಿನ ಕಥೆ ಮುಗಿಯಿತು. ಮೌಲಾಸಾಬ ಬಾಯಿ ತೆಗೆಯುವ ಮೊದಲೇ ಸೋಲಾಪುರದ ವಕೀಲ ನಡುವೆ ಬಂದು, "ಕೊಟ್ಟವರನ್ನೇ ಕೇಳಿರಿ, ಎಂಥ ಮಾಲು ಕೊಟ್ಟರೆಂದು" ಎಂದು ಇಂಗ್ಲಿಷಿನಲ್ಲಿ ನಕ್ಕಿದ್ದ. ಆ ನಗೆ ಮೌಲಾಸಾಬನ ಕಿವಿಯೊಳಗೆ ಕೆಂಡವಾಗಿ ಕೂತಿತು. ಅವನೂ ಇಂಗ್ಲಿಷಿನಲ್ಲಿಯೇ, ನಾಲ್ಕು ಊರು ಕೇಳಲಿ ಎಂದು ಬಿಡಿಸಿ ಬಿಡಿಸಿ ಎರಡು ನೀಲಿಯ ಪಾಠ ಹೇಳಿದ. ಕೊನೆಗೆ, ಇದರಲ್ಲಿ ಅನುಮಾನವೇ ಬೇಡ, ನಿನ್ನದು ಗಾಜಿನ ನೀಲಿಯೇ, ಬೇಕಾದರೆ ಮುಚ್ಚಳ ತೆಗೆದು, ಲೈಟು ಆಫ್ ಮಾಡಿ, ಪೂರಾ ಕತ್ತಲಲ್ಲಿ ನೋಡಿ ಹೇಳು ಅಂದ. ಮುಚ್ಚಳ ತೆಗೆದ ಸೆಟ್ಟಿನ ಮುಂದೆ ಕೂರುವವನ ಒಂದು ಕೈ ಕಿಸೆಯಲ್ಲಿರಬೇಕು. ಒಂದು ಕೈ ಮುಟ್ಟಬಾರದ್ದನ್ನು ಮುಟ್ಟಿದರೂ ಇನ್ನೊಂದು ಕಬ್ಬಿಣಕ್ಕೆ ತಾಗಿರದಿದ್ದರೆ ಕರೆಂಟು ಎದೆಯನ್ನು ದಾಟುವುದಿಲ್ಲ. ವರ್ಷ ವರ್ಷ ಹೊಸ ಹುಡುಗರಿಗೆ ಅವನು ಹೇಳುವ ಮೊದಲ ಮಾತೇ ಅದು. ಅವತ್ತು ಹೇಳಲಿಲ್ಲ. ಎಳೆಯರಿಗೆ ಹೇಳುವ ಮಾತನ್ನು ವಕೀಲನ ಮುಂದೆ ಹೇಳಿ ತನ್ನ ಶಿಷ್ಯನನ್ನು ಎಳೆಯನೆಂದು ತೋರಿಸಬಾರದೆಂದು ಅನ್ನಿಸಿತೋ, ಕಾಲೇಜಿಗೆ ಹೊತ್ತಾಯಿತೋ, ಈಗ ಎಷ್ಟು ಕೆದರಿದರೂ ಸಿಗುವುದಿಲ್ಲ. ಸಂಜೆಗೆ ಮನೆಯಲ್ಲಿ ಬರೀ ಬನಿಯನ್ನು ಹಾಕಿಕೊಂಡು ಕೂತವನಿಗೆ ಕಿಸೆಯಾದರೂ ಎಲ್ಲಿಂದ ಬರಬೇಕು.

ಮತ್ತೆ ಆ ಮಾತು ಇಂಗ್ಲಿಷಿನಲ್ಲಿ ಆಡಿದ್ದು. ಲೈಟು ಆಫ್ ಮಾಡು ಅಂದರೆ ಯಾರ ನಾಲಿಗೆಗೂ ಕಹಿಯಾಗುವುದಿಲ್ಲ. ಅದನ್ನೇ ಮನೆಯ ಮಾತಿನಲ್ಲಿ ಹೇಳಬೇಕಾಗಿದ್ದರೆ ಅವನ ಬಾಯೂ ತಡೆಯುತ್ತಿತ್ತೇನೋ. ಅವನ ತಾಯಿ ಚಾಂದಬಿ ಬದುಕಿರುವತನಕ ಕಂದೀಲು ಆರಿಸು ಅಂದವಳಲ್ಲ, "ಚಿರಾಗ್ ಬಢಾ ದೇ ಬೇಟಾ" ಅನ್ನುತ್ತಿದ್ದಳು, ದೀಪ ಬೆಳೆಸು ಎಂದು. ಯಲಗೂರಪ್ಪನ ಮನೆಯಲ್ಲಿ ಶಾಂತ ಮಾಡು ಅನ್ನುತ್ತಾರೆ. ಬಾಯಲ್ಲಿ ಆಡಲೂ ಅಂಜುವ ಕೆಲಸವನ್ನು ಆ ಹೆಣ್ಣುಮಗಳು ಕೈಯಿಂದ ಮಾಡಿದಳು. ಮೊದಲು ಬಲ್ಬಿನ ಬಟನ್ನು. ಆಮೇಲೆ, ಗೋಡೆಯ ಮಾಡದಲ್ಲಿ ದೇವರ ಮುಂದೆ ಆಗಷ್ಟೇ ಹಚ್ಚಿಟ್ಟ ಎಣ್ಣೆದೀಪದ ಬೆಳಕೂ ಗಾಜಿನ ಮೇಲೆ ಬೀಳುತ್ತದೆಂದು ಗಂಡ ಅಂದಾಗ, ಅದನ್ನೂ. ಯಲಗೂರಪ್ಪನ ಮಣ್ಣಿಗೆ ಹೋದ ದಿನ ಹೆಂಗಸರ ಅಳುವಿನಲ್ಲಿ ಇದಿಷ್ಟೂ ಮೌಲಾಸಾಬನ ಕಿವಿಗೆ ಬಿದ್ದಿತ್ತು. ಅವನು ಗಂಡಸರ ನಡುವೆ ನಿಂತು, ವಾಲ್ವಿನ ನೆತ್ತಿಯ ಲೋಹದ ಟೊಪ್ಪಿಗೆಯಲ್ಲಿ ಮನೆಯ ಕರೆಂಟಿನ ಮೂರು ಪಟ್ಟು ಇರುತ್ತದೆ, ಮುಟ್ಟಿದವರು ಉಳಿಯುವುದಿಲ್ಲ ಎಂದು ಯಾರಿಗೋ ವಿವರಿಸುತ್ತಿದ್ದ. ವಿವರಿಸುವುದರಲ್ಲಿ ಅವನಿಗೆ ಸರಿಸಾಟಿಯಿಲ್ಲ.

ಸ್ಟೇಷನ್ ರಸ್ತೆಯ ಕಡೆಯಿಂದ ಬಂದ ತಿಕೋಟಾದ ಬಸ್ಸು ಆಗಲೇ ತುಂಬಿತ್ತು. ನಿಂತೇ ಹೋಗುತ್ತೇನೆ ಅಂದುಕೊಂಡವನಿಗೆ ಹಿಂದಿನ ಸಾಲಿನ ಮುದುಕನೊಬ್ಬ ಸರಿದು ಜಾಗ ಕೊಟ್ಟ. ಕೊಡದಿದ್ದರೆ ಚೆನ್ನಾಗಿತ್ತು. ನಿಂತವನು ಬೀಳದಂತೆ ನೋಡಿಕೊಳ್ಳಬೇಕು, ಕೂತವನಿಗೆ ಆ ಕೆಲಸವೂ ಇಲ್ಲ. ಹೇಳಬೇಕಾದ ಮಾತನ್ನು ಮೌಲಾಸಾಬ ಒಳಗೊಳಗೇ ಜೋಡಿಸುತ್ತ ಹೋದ. "ಬೋರವ್ವಾರ, ದೀಪಾ ಶಾಂತ ಮಾಡಂತ ಹೇಳಿದಾಂವ ನಾನು." ಇಷ್ಟೇ. ಇಷ್ಟಕ್ಕೆ ಉಸಿರು ಬೇಕಾಗಿಲ್ಲ. ಆದರೆ ಮಾತು ಸರಿಯಾಗಿ ಕೂರುವಷ್ಟರಲ್ಲಿ ಅದಕ್ಕೊಂದು ಬಾಲ ಹುಟ್ಟುತ್ತಿತ್ತು: ನಾನು ಹೇಳಿದ್ದು ಬಲ್ಬಿಗೆ, ದೇವರ ದೀಪಕ್ಕಲ್ಲ. ಆ ಬಾಲ ಕತ್ತರಿಸಿದರೆ ಇನ್ನೊಂದು: ಒಂದು ಕೈ ಕಿಸೆಯಲ್ಲಿಡು ಎಂದು ಮೂರು ವರ್ಷದ ಹಿಂದೆಯೇ ಅವನಿಗೆ ಕಲಿಸಿದ್ದೆ. ಅದನ್ನೂ ಕತ್ತರಿಸಿದರೆ, ಲಿಂಗಾಯತರೋ ಗಾಣಿಗರೋ ಯಾರಾದರೇನು, ಅವರ ದೇವರ ದೀಪ ಒಬ್ಬ ಮುಸಲರವನ ಮಾತಿಗೆ ಆರಿತೆಂದು ನಾಳೆ ಊರಲ್ಲಿ ಎಂಥ ಮಾತು ಏಳುತ್ತದೋ ಎಂಬ ಅಂಜಿಕೆ ತಲೆಯೆತ್ತಿತು. ಅಂಜಿಕೆ ಸುಳ್ಳಲ್ಲ, ಆದರೆ ಅದು ಬಂದ ಹೊತ್ತು ಎಷ್ಟು ಅನುಕೂಲದ್ದೆಂದು ತನಗೇ ತಿಳಿದು ಅವನಿಗೆ ಹೇಸಿಕೆಯಾಯಿತು. ಆ ಮನೆಯವರು ದರ್ಗಾದ ಉರುಸಿಗೆ ಬಂದು ಸಕ್ಕರೆ ಓದಿಸಿಕೊಂಡು ಹೋಗುವ ಜನ.

"ನೀವು ರೇಡಿಯೋ ಮಾಸ್ತರ ಅಲ್ಲೇನ್ರಿ?" ಎಂದ ಮುದುಕ, ಬಹಳ ಹೊತ್ತು ಅವನ ಮುಖ ನೋಡಿ.

"ಹೂಂನ್ರಿ."

"ದೂರ ದೂರದವರ ಕೂಡ ಮಾತಾಡತೀರಂತ. ಸತ್ತವರ ಕೂಡ ಮಾತಾಡಾಕ ಬರತೈತೇನ್ರಿ ಅದರಾಗ?"

ಮುದುಕನ ಮುಖದಲ್ಲಿ ಚೇಷ್ಟೆಯಿರಲಿಲ್ಲ, ಅವನು ಕೇಳಬೇಕೆಂದೇ ಕೇಳಿದ್ದ. "ಇಲ್ರಿ" ಎಂದು ಮೌಲಾಸಾಬ ಕಿಡಕಿಯ ಆಚೆ ನೋಡತೊಡಗಿದ. ಜೋಳದ ಹೊಲಗಳು ಕೊಯಿಲಾಗಿ ಕೂಳೆ ನಿಂತಿತ್ತು. ಈ ರಸ್ತೆಯಲ್ಲಿ ಎಷ್ಟು ಭಾನುವಾರ ತಂತಿಯ ಸುರುಳಿ, ಉಪ್ಪಿನಕಾಯಿಯ ಭರಣಿ ಹಿಡಿದುಕೊಂಡು ಹೋಗಿದ್ದನೋ. ಅವನು ಹೋದಾಗಲೆಲ್ಲ ಸಾವಂತ್ರವ್ವ ಒಳಗಿನಿಂದಲೇ, "ಸರ ಬಂದಾರೇನು? ಹಂಗಾರ ಇವತ್ತ ಅನ್ನ ಆರಿ ಕಲ್ಲಾದ ಮ್ಯಾಲ ಉಣ್ಣೂದು" ಎಂದು ಅವನಿಗೆ ಕೇಳಿಸುವಂತೆಯೇ ಅನ್ನುತ್ತಿದ್ದಳು. ಮಕ್ಕಳಿಲ್ಲದ ಮನೆ. ಮೂಲೆಯಲ್ಲಿ ಗೊರಗೊರ ಅನ್ನುವ ಆ ಪೆಟ್ಟಿಗೆಯನ್ನು ಅವಳು ಕೂಸು ಅನ್ನುತ್ತಿದ್ದಳು, ಕೂಸು ಎದ್ದಿತು, ಕೂಸು ಮಲಗಿತು ಎಂದು. ಯಲಗೂರಪ್ಪ ನಾಚಿಕೊಳ್ಳುತ್ತಿದ್ದ. ತಿಕೋಟಾ ಬಂದಾಗ ಮುದುಕನೇ ಭುಜ ಮುಟ್ಟಿ ಎಬ್ಬಿಸಿದಂತೆ ಇಳಿಸಿದ.

ದಿನಕರ್ಮಗಳೆಲ್ಲ ಮುಗಿದು ಮನೆ ಸಾರಿಸಿ ಬಳಿದಿತ್ತು. ಪಡಸಾಲೆಯಲ್ಲಿ ಬೋರವ್ವ ಗೋಡೆಗೆ ಬೆನ್ನು ಹಚ್ಚಿ ಕೂತಿದ್ದಳು. ಅವಳ ದೊಡ್ಡ ಮಗ ಕರೆಪ್ಪ, ಬಬಲೇಶ್ವರದಲ್ಲಿ ಕಿರಾಣಿ ಅಂಗಡಿ ಇಟ್ಟವನು, ಎದ್ದು ನಿಂತು ಕಂಬಳಿ ಹಾಸಿದ. ಓಣಿಯ ನಾಲ್ಕಾರು ಮಂದಿ ಹೆಂಗಸರು ಗಂಡಸರು ಸುಮ್ಮನೆ ಕೂತಿದ್ದರು, ಬಸ್ಸಿಗೆ ಕಳಿಸಲು ಬಂದವರಂತೆ. ಅಡಿಗೆಮನೆಯ ಹೊಸ್ತಿಲಿನ ಆಚೆ ಒಂದು ಟ್ರಂಕು. ಅದರ ಮಗ್ಗುಲಲ್ಲಿ ಸಾವಂತ್ರವ್ವ ಮೊಣಕಾಲ ಮೇಲೆ ಗದ್ದವಿಟ್ಟು ಕೂತಿದ್ದಳು. ಮೌಲಾಸಾಬ ಬಂದದ್ದು ಕಂಡು ತಲೆಯೆತ್ತಿದಳು. ಆ ನೋಟ ಅವನ ಮೇಲೆಯೇ ನಿಂತಿತು. ಅಳು ಇರಲಿಲ್ಲ ಅದರಲ್ಲಿ, ಸಿಟ್ಟೂ ಇರಲಿಲ್ಲ. ಬಾಗಿಲು ತೆರೆಯುವುದನ್ನು ಕಾಯುವವರು ಬಾಗಿಲನ್ನು ನೋಡುವಂತೆ ನೋಡುತ್ತಿದ್ದಳು. ಅವನು ಕಣ್ಣು ಬೇರೆ ಕಡೆ ತಿರುಗಿಸಿ ಕೂತ. ಈಗ ಹೇಳಿಬಿಡಬೇಕು, ಕೂತ ಕೂಡಲೇ, ಚಹಾ ಬರುವ ಮೊದಲು ಅಂದುಕೊಂಡ. ಚಹಾ ಬಂತು. ಓಣಿಯ ಹೆಂಗಸೊಬ್ಬಳು ತನ್ನ ಮನೆಯಿಂದ ಮಾಡಿಕೊಂಡು ತಂದಿದ್ದಳು. ಈ ಮನೆಯ ಒಲೆಯ ಚಹಾ ಯಾರೂ ಕುಡಿಯುತ್ತಿರಲಿಲ್ಲವೆಂದು ಅವನಿಗೆ ಆಗ ಹೊಳೆಯಿತು, ಕುಡಿದ.

"ಅದನ್ನ ಒಯ್ದುಬಿಡ್ರಿ ಸರ" ಎಂದು ಕರೆಪ್ಪ ಮೂಲೆಯತ್ತ ಕೈ ತೋರಿಸಿದ. "ಅವ್ವನ್ನ ನಾ ಬಬಲೇಶ್ವರಕ್ಕ ಕರಕೊಂಡ ಹೋಗತೇನಿ. ಈ ಮನಿಗೆ ಕೀಲಿ ಹಾಕೂದು. ಅದನ್ನ ಕಣ್ಣಿಲೆ ನೋಡಾಕ ಆಗವಲ್ದು."

ಸೆಟ್ಟಿನ ಮೇಲೆ ಒಂದು ಹಳೆಯ ಧೋತರ ಹೊದಿಸಿದ್ದರು. ಮೌಲಾಸಾಬ ಎದ್ದು ಹೋಗಿ ಅದನ್ನು ಸರಿಸಿದ. ಮುಚ್ಚಳ ಇನ್ನೂ ಪಕ್ಕದಲ್ಲೇ ಇತ್ತು. ಪೆಟ್ಟಿಗೆಯ ಅಂಚಿನಲ್ಲಿ, ಎಡಗೈ ಇದ್ದಿರಬಹುದಾದ ಜಾಗದಲ್ಲಿ, ಬಣ್ಣ ಸುಲಿದು ಕಬ್ಬಿಣ ಕಾಣುತ್ತಿತ್ತು. ನೋಡಬಾರದೆಂದುಕೊಂಡೇ ಬಗ್ಗಿ ವಾಲ್ವನ್ನು ನೋಡಿದ. ಗಾಜಿನ ಒಳಗಡೆ, ಕಾರ್ಖಾನೆಯಲ್ಲಿ ಗಾಳಿಯ ಕೊನೆಯ ಹನಿಯನ್ನು ಹೀರಲೆಂದು ಬಳಿದಿರುವ ಬೆಳ್ಳಿಯ ಕಲೆ ಇರುತ್ತದೆ. ಗಾಳಿ ಹೊಕ್ಕ ವಾಲ್ವಿನಲ್ಲಿ ಅದು ಸುಣ್ಣದಂತೆ ಬೆಳ್ಳಗಾಗಿ ಹೋಗುತ್ತದೆ. ಇದರಲ್ಲಿ ಕನ್ನಡಿಯಂತೆ ಹೊಳೆಯುತ್ತಿತ್ತು, ಒಂದು ಚುಕ್ಕೆ ಮಾಸಿರಲಿಲ್ಲ. ವಾಲ್ವು ಗಟ್ಟಿಯಾಗಿತ್ತು. ಕಂಡದ್ದು ಗಾಜಿನ ನೀಲಿಯೇ. ತಾನು ಅಂದದ್ದೇ ಸರಿ, ಕೊಟ್ಟ ಮಾಲು ಖೋಟಾ ಆಗಿರಲಿಲ್ಲ, ಆ ಸೋಲಾಪುರದ ವಕೀಲನಿಗೆ ಈಗ ಮುಖಕ್ಕೆ ಹೊಡೆದಂತೆ ಹೇಳಬಹುದಾಗಿತ್ತು. ಎದೆಯಲ್ಲಿ ಹಿಗ್ಗು ಉಕ್ಕಿತು. ಉಕ್ಕಿದ್ದು ನಿಜ. ಸತ್ತವನ ಮನೆಯಲ್ಲಿ, ಸತ್ತ ಜಾಗದಲ್ಲಿ ಬಗ್ಗಿ ನಿಂತು, ಬೆನ್ನ ಹಿಂದೆ ಅವನ ತಾಯಿ ಕೂತಿರುವಾಗ, ಈ ಮನುಷ್ಯನಿಗೆ ಹಿಗ್ಗಾಯಿತು. ಅದು ಇಳಿಯುವವರೆಗೆ ತಿರುಗಿ ನೋಡಲು ಅವನಿಗೆ ಧೈರ್ಯವಾಗಲಿಲ್ಲ. ಮುಖದ ಮೇಲೆ ಏನಾದರೂ ಉಳಿದಿರಬಹುದೆಂದು ಕರವಸ್ತ್ರದಿಂದ ಒರೆಸಿಕೊಂಡ. ಹೆಂಗಸರು ಅವನು ಅತ್ತನೆಂದು ತಿಳಿದರು. ಒಬ್ಬಳು ಲೊಚಗುಟ್ಟಿದಳು.

ಮರಳಿ ಬಂದು ಕೂತಾಗ ಬೋರವ್ವ ಅವನನ್ನೇ ನೋಡುತ್ತಿದ್ದಳು. "ಯಪ್ಪಾ, ನೀ ಕಲತಾಂವ. ನನ್ನ ಮಗಾ ನಿನ್ನ ಗುರು ಅಂತಿದ್ದ. ಒಂದ ಮಾತ ಕೇಳತೇನಿ, ಖರೆ ಹೇಳು."

"ಕೇಳ್ರಿ ಅವ್ವಾರ."

"ನಾ ಹಾಳ ಮುದಕಿ, ನನಗ ಏನೂ ತಿಳಿಯಂಗಿಲ್ಲ. ಸೊಸಿ ಮ್ಯಾಲ ಅಪವಾದ ಹೊರಸಾಕತ್ತಾಳಂತ ಮಂದಿ ಅಂತಾರ. ನಂಗ ಬ್ಯಾಡ ಆ ಪಾಪ. ನೀನ ಹೇಳು. ಆವತ್ತ ಮನ್ಯಾಗ ದೀಪಾ ಇದ್ದಿದ್ರ, ಬೆಳಕ ಇದ್ದಿದ್ರ, ನನ್ನ ಮಗಾ ಉಳೀತಿದ್ನೋ ಇಲ್ಲೋ?"

ಸರಿಯಾದ ಪ್ರಶ್ನೆ. ಪರೀಕ್ಷೆಯಲ್ಲಿ ಕೇಳಬಹುದಾದಷ್ಟು ಸರಿಯಾದ ಪ್ರಶ್ನೆ, ಅದಕ್ಕೊಂದು ಸರಿಯಾದ ಉತ್ತರವೂ ಇತ್ತು. ಬೆಳಕಿದ್ದರೆ ವಾಲ್ವಿನ ನೆತ್ತಿಯ ಟೊಪ್ಪಿಗೆ ಕಾಣುತ್ತಿತ್ತು, ಕೈ ಅಲ್ಲಿಗೆ ಹೋಗುತ್ತಿರಲಿಲ್ಲ. ಇದರಲ್ಲಿ ಎರಡು ಮಾತಿಲ್ಲ. ಮೌಲಾಸಾಬನ ನಾಲಿಗೆ ಇಡೀ ಬದುಕು ಸರಿಯಾದ ಉತ್ತರ ಹೇಳುವುದಕ್ಕೇ ಪಳಗಿತ್ತು. ಅದು ಸರಿಯಾದ ಉತ್ತರವನ್ನೇ ಹೇಳಿತು.

"ಉಳೀತಿದ್ದ" ಅಂದ. "ಆದ್ರ..."

ಆ ಆದರೆಯ ಹಿಂದೆ ಉಳಿದದ್ದೆಲ್ಲ ಇತ್ತು. ಬಸ್ಸಿನಲ್ಲಿ ಬಾಲ ಕತ್ತರಿಸಿ ಕತ್ತರಿಸಿ ಜೋಡಿಸಿದ್ದ ಮಾತು ಗಂಟಲವರೆಗೆ ಬಂದು ನಿಂತಿತ್ತು. ಆದರೆ "ಉಳೀತಿದ್ದ" ಎಂಬುದಷ್ಟೇ ಸಾಕಾಗಿತ್ತು. ಬೋರವ್ವ ಎರಡೂ ಕೈಯಿಂದ ಹಣೆ ಬಡಿದುಕೊಂಡು, "ಕೇಳಿದ್ರೇನಬೇ, ಕೇಳಿದ್ರೇನು, ಉಳೀತಿದ್ನಂತ ನನ್ನ ಮಗಾ" ಎಂದು ಹಾಡಿಕೊಂಡು ಅಳತೊಡಗಿದಳು. 'ಆದರೆ' ಅದರೊಳಗೆ ಮುಳುಗಿತು. ಓಣಿಯ ಹೆಂಗಸರೂ ದನಿ ಕೂಡಿಸಿದರು. ಕರೆಪ್ಪ ತಲೆ ಬಗ್ಗಿಸಿ, "ಅಷ್ಟ ಆತ ಬಿಡ್ರಿ. ನಮಗೂ ಖಾತ್ರಿ ಆತು" ಅಂದ. ಅಳು ಮುಗಿದ ಮೇಲೆ ಹೇಳಬೇಕು ಎಂದು ಮೌಲಾಸಾಬ ಕಾದ. ನಿಜವಾಗಿಯೂ ಕಾದ. ಅಳು ಮುಗಿಯಿತು. ಯಾರೋ ಬಸ್ಸಿಗೆ ಹೊತ್ತಾಯಿತೆಂದರು. ಇನ್ನೊಬ್ಬರು ಮುದುಕಿಗೆ ನೀರು ಕೊಟ್ಟರು. ಆ ಸಣ್ಣ ಸಣ್ಣ ಕೆಲಸಗಳ ನಡುವೆ ಬಾಯಿ ತೆರೆಯಲು ಸಂದಿ ಸಿಗಲಿಲ್ಲ, ಸಿಕ್ಕಾಗ ಅವನು ಬೀಳ್ಕೊಂಡು ಚಪ್ಪಲಿ ಹುಡುಕುತ್ತಿದ್ದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆಡದೆ ಹೋದ ಮಾತಿನ ಲೆಕ್ಕ ಯಾರೂ ಹೇಳಿಲ್ಲ.

ಬಸ್ ಸ್ಟ್ಯಾಂಡೆಂದರೆ ಒಂದು ಬೇವಿನ ಮರ, ಒಂದು ಚಹಾದ ಅಂಗಡಿ. ವಿಜಾಪುರದ ಬಸ್ಸೂ ಹೊನವಾಡದ ಬಸ್ಸೂ ಅಲ್ಲೇ ನಿಲ್ಲಬೇಕು. ಕರೆಪ್ಪ ಟ್ರಂಕನ್ನು ಮರದ ಬುಡದಲ್ಲಿಟ್ಟು, ತವರಿನವರು ಯಾರೂ ಬರಲಿಲ್ಲವೆಂದು ಗೊಣಗಿ, ತಾಯಿಯ ಕಡೆ ನೋಡಬೇಕೆಂದು ಹೊರಟುಹೋದ. ಉಳಿದವರು ಇಬ್ಬರೇ. ಮೌಲಾಸಾಬ ಅವಳಿಂದ ನಾಲ್ಕು ಮಾರು ಆಚೆ, ಬಸ್ಸು ಬರುವ ದಿಕ್ಕನ್ನೇ ನೋಡುತ್ತ ನಿಂತಿದ್ದ. ಸೆಟ್ಟನ್ನು ಆಮೇಲೆ ಒಯ್ಯುತ್ತೇನೆಂದು ಹೇಳಿ ಬಿಟ್ಟು ಬಂದಿದ್ದ.

"ಸರ" ಎಂದಳು ಸಾವಂತ್ರವ್ವ. ಅವನು ತಿರುಗಲೇಬೇಕಾಯಿತು.

"ಒಳಗ ನೀವು ಆದ್ರ ಅಂದ್ರಿ. ಮುಂದೇನ ಹೇಳಾಂವ್ರಿದ್ರಿ?"

"ಏನಿಲ್ಲ ತಂಗೀ... ಅದು ಅವನ ಆಯುಷ್ಯ. ನಿಂದೇನೂ ತಪ್ಪಿಲ್ಲ ಅಂತ."

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದಳು. ಮಾತು ಶುರು ಮಾಡಿದಾಗ ದನಿಯಲ್ಲಿ ದೂರು ಇರಲಿಲ್ಲ, ನೀರು ತರಲು ಹೋದಾಗಿನ ಸುದ್ದಿ ಹೇಳುವಂತೆ ಹೇಳಿದಳು.

"ಬಲ್ಬ ಆರಸಂದ್ರು, ಆರಸಿದೆ. ಮಾಡದಾಗಿನ ದೀಪಾನೂ ಶಾಂತ ಮಾಡಂದ್ರು. ಒಲ್ಲೆ ಅಂದೆ. ಶುಕ್ರವಾರ, ಈಗರ ಹಚ್ಚೇನಿ, ನನ್ನ ಕೈಲೆ ಆಗಂಗಿಲ್ಲ ಅಂದೆ. ಸರ ಹೇಳ್ಯಾರ ಅಂದ್ರು. ಪೂರಾ ಕತ್ತಲಿ ಮಾಡಿ ನೋಡಂತ ಸರ ಹೇಳ್ಯಾರ ಅಂದ್ರು. ಸರ ಹೇಳ್ಯಾರಂದ ಮ್ಯಾಲ ನಂದೇನೈತಿ. ಹೂವಿನ ಎಸಳಿಲೆ ಒತ್ತಿದೆ."

ಮೌಲಾಸಾಬ ಬಸ್ಸು ಬರುವ ದಿಕ್ಕಿಗೆ ಮತ್ತೆ ಮುಖ ಮಾಡಿದ.

"ಕತ್ತಲ್ಯಾಗ ಅವರು ನಕ್ರು. ಗಾಜಿನ ಮ್ಯಾಲೈತಿ ನೋಡ, ಸರ ಹೇಳಿದ್ದ ಖರೆ ಆತು ಅಂದ್ರು. ಬಾ, ನೀನೂ ನೋಡು ಅಂತ ನನಗ ತೋರಸಾಕ ಬೆರಳ ಮುಂದ ಮಾಡಿದ್ರು."

"ಇದನ್ನ ಅವರ ಮುಂದ ಹೇಳಲಿಲ್ಲ್ಯಾಕ ನೀನು?" ಅವನ ದನಿ ಅವನಿಗೇ ಗದರಿಸಿದಂತೆ ಕೇಳಿಸಿತು.

"ನಾ ಹೇಳಿದ್ರ ತನ್ನ ತಪ್ಪ ಮುಚ್ಚಕೊಳ್ಳಾಕ ದೊಡ್ಡವರ ಹೆಸರ ತಂದ್ಲು ಅಂತಿದ್ರು. ಹೋದವರಿಗೆ ನಿಮ್ಮ ಹೆಸರ ಕೆಡೂದು ಸೇರತಿರಲಿಲ್ಲ." ಅವಳು ರಸ್ತೆಯ ಕಡೆ ನೋಡಿದಳು. "ಮತ್ತ ನೀವು ಬರತೀರಿ, ಬಂದು ನೀವಾಗೇ ಹೇಳತೀರಂತ ಗೊತ್ತಿತ್ತು ನನಗ. ದಿನಾ ಕಾಯತಿದ್ದೆ. ಇವತ್ತ ಬಂದ್ರಿ."

ಹೊನವಾಡದ ಬಸ್ಸು ಧೂಳೆಬ್ಬಿಸುತ್ತ ಬಂದು ನಿಂತಿತು. ಮೌಲಾಸಾಬ ಟ್ರಂಕಿಗೆ ಕೈ ಹಾಕಲು ಬಗ್ಗಿದ. "ಬ್ಯಾಡ್ರಿ" ಎಂದು ಅವಳೇ ಎತ್ತಿಕೊಂಡು, ಮೆಟ್ಟಿಲಿಗೆ ತಾಗಿಸಿ, ಒಳಗೆ ನೂಕಿ ಹತ್ತಿದಳು. ಒಳಗಿದ್ದ ಹೆಂಗಸೊಬ್ಬಳು ಅವಳ ಮುಖ ನೋಡಿ ತನ್ನ ಕೂಸನ್ನು ಈಚೆ ಮಗ್ಗುಲಿಗೆ ಎತ್ತಿ ಕೂರಿಸಿಕೊಂಡದ್ದು ಕಿಡಕಿಯಲ್ಲಿ ಕಂಡಿತು. ಕಂಡಕ್ಟರು ಗಂಟೆ ಬಾರಿಸಿದ.

ಬಸ್ಸು ಹೋದ ಮೇಲೆ ಚಹಾದಂಗಡಿಯವನು ತೊಳೆದ ಗ್ಲಾಸುಗಳನ್ನು ಬೋರಲು ಹಾಕುತ್ತ, "ಈಗ ಹ್ವಾದ್ಲಲ್ಲ, ಗಂಡನ ಎದರಿಗೆ ದೀಪಾ ಆರಸಿದಾಕಿ ಆಕಿನ ಅಲ್ಲೇನ್ರಿ?" ಎಂದು ಕೇಳಿದ. ಸುತ್ತ ಯಾರೂ ಇರಲಿಲ್ಲ. ಅಳುವವರಿರಲಿಲ್ಲ, ನಡುವೆ ಬಾಯಿ ಹಾಕುವವರಿರಲಿಲ್ಲ, ಹೊತ್ತು ಬೇಕಾದಷ್ಟಿತ್ತು.

"ಹೂಂ" ಅಂದ ಮೌಲಾಸಾಬ.